ಹಜಾರದಲ್ಲಿ ಹನ್ನೆರಡನೆಯವಳು

ನಮ್ಮ ದೊಡ್ಡಮ್ಮನಿಗೆ ತಲೆ ಸರಿಯಿಲ್ಲ ಎಂದು ನಾನು ಹೇಳುತ್ತಿಲ್ಲ. ಹೇಳಲು ನಾನು ಯಾರು? ಬರೀ ಡೈರಿಯಲ್ಲಿ ಗೀಟು ಹಾಕುವವಳು. ಆದರೆ ನೀವೇ ಹೇಳಿ, ಯಾರಾದರೂ "ಅಲ್ಲಿ ನೋಡಿ" ಎಂದರೆ ನಾವೆಲ್ಲ ಏನು ಮಾಡುತ್ತೇವೆ? ಅಲ್ಲಿ ನೋಡುತ್ತೇವೆ. ದೊಡ್ಡಮ್ಮ ನೋಡುವುದಿಲ್ಲ. ಹೇಳಿದವರ ಮಣಿಕಟ್ಟನ್ನು ಗಬಕ್ಕನೆ ಹಿಡಿದುಕೊಳ್ಳುತ್ತಾರೆ! ರಸೆಲ್ ಮಾರ್ಕೆಟ್ಟಿನಲ್ಲಿ "ಇಲ್ ನೋಡಿ ಅಮ್ಮಾ, ಫ್ರೆಶ್ ದಾಳಿಂಬೆ" ಎಂದ ಹಣ್ಣಿನವನು, ಕೈ ಬಿಡಿಸಿಕೊಳ್ಳಲು ಇಡೀ ಅಂಗಡಿಯನ್ನೇ ಬರೆದುಕೊಡುವ ಸ್ಥಿತಿಗೆ ಬಂದಿದ್ದ. ಈ ವರ್ಷ ಇದುವರೆಗೆ ಹದಿನಾಲ್ಕು ಸಲ ಹೀಗಾಗಿದೆ. ಹದಿನಾಲ್ಕೂ ಗೀಟು ನನ್ನಲ್ಲಿವೆ.

ಬೆನ್ಸನ್ ಟೌನಿನ ಈ ಹಳೇ ಮನೆಯಲ್ಲಿ ನಾವು ನಾಲ್ವರು: ಅರವತ್ತೆಂಟರ ದೊಡ್ಡಮ್ಮ, ಅಕ್ಕ, ಅಕ್ಕನ ಎರಡು ವರ್ಷದ ಮಗಳು ಪುಟ್ಟಿ, ಮತ್ತು ನಾನು. ಮೇ ಎರಡರಂದು ಅಕ್ಕ ಪುಟ್ಟಿಯನ್ನು ನಮ್ಮ ಬೀದಿಯ ತುದಿಯ ಶಿಶುವಿಹಾರಕ್ಕೆ ಮೊದಲ ಸಲ ಕರೆದುಕೊಂಡು ಹೋದಳು. ಅಲ್ಲಿನ ಆಯಾ ಉಪಾಯ ಹೇಳಿಕೊಟ್ಟರು: "ಕಾಗೆ ತೋರ್ಸಿ ಮೇಡಂ. ಮಗು ಆ ಕಡೆ ನೋಡ್ತಿದ್ದಂಗೆ ಹೊರಟ್ಬಿಡಿ. ಎಲ್ರೂ ಹಂಗೇ ಮಾಡೋದು."

ಅಕ್ಕ ಕಾಗೆ ತೋರಿಸಿದಳು. ಪುಟ್ಟಿ ಕಾಗೆ ನೋಡಿದಳು. ತಿರುಗಿದರೆ ಅಮ್ಮ ಇಲ್ಲ. ಅತ್ತದ್ದು ಒಂದು ಗಂಟೆ ನಲವತ್ತು ನಿಮಿಷ. ಅಲ್ಲಿನ ಮಿಸ್ ಫೋನು ಮಾಡಿ, "ಜೂನ್ ಒಂದಕ್ಕೆ ಇನ್ನೊಂದ್ಸಲ ನೋಡೋಣ. ಆಗ್ಲೂ ಹಿಂಗೇ ಆದ್ರೆ ಸೀಟು ಬೇರೆಯವರಿಗೆ ಕೊಡ್ಬೇಕಾಗತ್ತೆ" ಎಂದರು. ಅಕ್ಕನ ರಜೆ ಮುಗಿಯುವುದೂ ಆ ದಿನವೇ. ಮಹದೇವಪುರದ ಅವಳ ಆಫೀಸಿನವರು ಎರಡು ಸಲ ರಜೆ ವಿಸ್ತರಿಸಿ, ಮೂರನೆಯ ಸಲ ಕೇಳಿದಾಗ ಉತ್ತರವನ್ನೇ ಬರೆದಿರಲಿಲ್ಲ. ಪುಟ್ಟಿ ಅತ್ತರೆ ಅಕ್ಕನ ಕೆಲಸ ಹೋಗುತ್ತದೆ. ವಿಷಯ ಅಷ್ಟೇ ಸರಳ.

ಕಾಗೆಯ ಸಂಗತಿ ಕೇಳಿದಾಗ ದೊಡ್ಡಮ್ಮ ಹುರುಳಿಕಾಯಿ ಸೋಸುತ್ತಿದ್ದರು. ಚಾಕು ನಿಂತಿತು.

"ಮಗೂನ ನಾನು ತಯಾರು ಮಾಡ್ತೀನಿ. ನೀವಿಬ್ರೂ ಸುಮ್ನಿರಿ."

ತಯಾರು ಮಾಡುವುದೆಂದರೆ ಬಣ್ಣದ ಪುಸ್ತಕ, ಹಾಡು ಎಂದು ನಾವು ತಿಳಿದೆವು. ಎಂಥ ಮುಗ್ಧರು! ದೊಡ್ಡಮ್ಮ ಟ್ರಂಕಿನಿಂದ ತಮ್ಮ ಬಾಲ್ಯದ ಬೇಬಿ ಕ್ಲಾಸಿನ ಗ್ರೂಪ್ ಫೋಟೋ ತೆಗೆದರು. ಮಗುವಿಗೆ ಗುಂಪಿನ ಅಭ್ಯಾಸವಾಗಬೇಕಲ್ಲ? ಹನ್ನೊಂದು ಮುಖಗಳ ಕೆಳಗೆ ಮಸಿಯಲ್ಲಿ ಗುರುತು ಹಾಕಿ, ಶಿವಾಜಿನಗರದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಅವನ್ನು ನಿಜವಾದ ಮಕ್ಕಳ ಮುಖದಷ್ಟೇ ದೊಡ್ಡದಾಗಿ ಮುದ್ರಿಸಿ, ರಟ್ಟಿಗೆ ಅಂಟಿಸಿ ಕೊಡಲು ಹೇಳಿಬಂದರು.

ಮೇ ಒಂಬತ್ತರಂದು ಕಟ್ಟು ಬಂತು. ಎಣಿಸಿದೆ. ಹನ್ನೆರಡು! ಅಂಗಡಿಯ ಭಾಯಿಗೆ ಫೋನು ಮಾಡಿದೆ.

"ಫೋಟೋದಲ್ಲಿ ಬಾರಾ ಬಚ್ಚೇ ಇದಾರೆ ಅಮ್ಮಾ. ಒಬ್ಳನ್ನ ಮಾತ್ರ ಬಿಟ್ರೆ ಪಾಪ ಅಲ್ವಾ? ಅದಕ್ಕೇ ಹಾಕ್ಬಿಟ್ಟೆ."

ಹಜಾರದ ಗೋಡೆಗೆ ಒರಗಿಸಿದ ದಿಂಬುಗಳ ಮೇಲೆ ಆ ಮುಖಗಳನ್ನು ರಿಬ್ಬನ್ನಿನಿಂದ ಕಟ್ಟಿದ್ದಾಯಿತು. ಕಪ್ಪು ಬಿಳುಪಿನ ಪುಟ್ಟ ಹುಡುಗಿಯರು. ಆ ಕಾಲದ ಫೋಟೋದಲ್ಲಿ ಯಾರು ನಗುತ್ತಿದ್ದರು? ಹನ್ನೊಂದು ಜೊತೆ ಕಣ್ಣುಗಳು ನಾನು ಅಡುಗೆಮನೆಗೆ ಹೋದರೆ ಅಡುಗೆಮನೆಯವರೆಗೆ, ಬಚ್ಚಲಿಗೆ ಹೋದರೆ ಬಚ್ಚಲಿನವರೆಗೆ ಕಳಿಸಿಕೊಡುತ್ತಿದ್ದವು. ಹನ್ನೆರಡನೆಯವಳು ಮಾತ್ರ ನಮ್ಮನ್ನು ನೋಡುತ್ತಿರಲಿಲ್ಲ. ಫೋಟೋ ತೆಗೆಯುವಾಗ ಕತ್ತು ಹೊರಳಿಸಿದ್ದಳೋ ಏನೋ, ಮುಖ ಅರ್ಧ ಕಲಸಿಹೋಗಿತ್ತು. ಒಂದು ಕಿವಿ ಮಾತ್ರ ಸ್ಪಷ್ಟ. ಅವಳನ್ನು ಯಾವ ಮೂಲೆಗೆ ಇಟ್ಟರೂ ಬಾಗಿಲ ಕಡೆಗೇ ನೋಡುತ್ತಿದ್ದಾಳೆ ಅನ್ನಿಸುತ್ತಿತ್ತು.

"ಇವಳ್ಯಾರು ದೊಡ್ಡಮ್ಮ?"

"ಯಾವಳೋ. ನೆನಪಿಲ್ಲ" ಎಂದವರೇ ಅವಳನ್ನು ಉಗ್ರಾಣದ ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟುಬಂದರು.

ಮರುದಿನ ಬೆಳಿಗ್ಗೆ ಅವಳು ಸಾಲಿನಲ್ಲಿ ಕೂತಿದ್ದಳು.

ಅಕ್ಕ ನನ್ನನ್ನು ಬೈದಳು. ನಾನು ಅಕ್ಕನನ್ನು ಬೈದೆ. ಹನ್ನೆರಡನೆಯವಳು ಮೂರು ಸಲ ಉಗ್ರಾಣಕ್ಕೆ ಹೋದಳು, ಮೂರು ಸಲ ವಾಪಸು ಬಂದಳು. ನಾಲ್ಕನೆಯ ಸಲ ಮಟಮಟ ಮಧ್ಯಾಹ್ನ, ಕರೆಂಟು ಹೋಗಿದ್ದಾಗ, ಸರ್ರ್ ಎಂದು ನೆಲ ಸವರುವ ಸದ್ದು ಕೇಳಿ ಎದ್ದುಬಂದೆ. ಪುಟ್ಟಿ ಹಿಂದುಹಿಂದಕ್ಕೆ ಹೆಜ್ಜೆ ಹಾಕುತ್ತ ರಿಬ್ಬನ್ ಹಿಡಿದು ಆ ಮುಖವನ್ನು ಎಳೆದು ತರುತ್ತಿದ್ದಳು. ನನಗೆ ಹೋದ ಜೀವ ಬಂತು. ಆದರೆ ಅದು ಉಳಿದದ್ದು ಎಷ್ಟು ಹೊತ್ತು? "ಯಾಕೆ ಪುಟ್ಟೀ?" ಎಂದು ಕೇಳುವವರೆಗೆ.

"ಕರೆದ್ಲು" ಎಂದಳು ಪುಟ್ಟಿ.

ಅಂದಿನಿಂದ ಯಾರೂ ಅವಳನ್ನು ಉಗ್ರಾಣಕ್ಕೆ ಕಳಿಸಲಿಲ್ಲ. ಮನೆಗೆ ಬರುವವರೂ ಕಡಿಮೆಯಾದರು. ನೀರಿನ ಕ್ಯಾನಿನವನು ಕಿಟಕಿಯಲ್ಲಿ ಇಣುಕಿ, "ಅಕ್ಕಾ, ಒಳಗಡೆ ಯಾರು ಅವ್ರೆಲ್ಲಾ?" ಎಂದ. "ನಮ್ ಕ್ಲಾಸು" ಎಂದರು ದೊಡ್ಡಮ್ಮ, ಚಾಕು ಹಿಡಿದುಕೊಂಡೇ. ಈಗ ಕ್ಯಾನು ಗೇಟಿನ ಹೊರಗೇ ಇಳಿಯುತ್ತದೆ.

ದಿನಾ ಹತ್ತು ಗಂಟೆಗೆ ಪಾಠ. ದೊಡ್ಡಮ್ಮ ಹಾಜರಿ ಕೂಗುತ್ತಿದ್ದರು. ಹನ್ನೊಂದು ಹೆಸರು, ನಂತರ ಪುಟ್ಟಿ. ಎಲ್ಲರ ಪರವಾಗಿಯೂ ತಾವೇ ಬೇರೆ ಬೇರೆ ದನಿಯಲ್ಲಿ "ಪ್ರೆಸೆಂಟ್ ಮಿಸ್" ಅನ್ನುತ್ತಿದ್ದರು. ಆಮೇಲೆ ಬಾಗಿಲಿಗೆ ಬಂದು, ಪುಟ್ಟಿಯ ಕಣ್ಣಲ್ಲಿ ಕಣ್ಣಿಟ್ಟು, "ನಾನು ಹೊರಗಡೆ ಹೋಗ್ತಿದೀನಿ. ದೊಡ್ಡ ಮುಳ್ಳು ಇಲ್ಲಿಗೆ ಬಂದಾಗ ಬರ್ತೀನಿ" ಎಂದು ಗೋಡೆಯ ಗಡಿಯಾರ ತೋರಿಸಿ ಹೋಗುತ್ತಿದ್ದರು. ಹೋಗುವುದು ಎಲ್ಲಿಗೆ? ಗೇಟಿನ ಪಕ್ಕದ ನೇರಳೆ ಮರದ ಕೆಳಗೆ. ಮೊದಲ ದಿನ ಒಂದು ನಿಮಿಷ, ಆಮೇಲೆ ಐದು, ಹತ್ತು, ಇಪ್ಪತ್ತು. ಕಾವಲಿಗೆ ಕಿಟಕಿಯಲ್ಲಿ ನಾನು. ಪುಟ್ಟಿಯ ಅಳು ಮೊದಲ ವಾರ ದಿನಕ್ಕೆ ಒಂಬತ್ತು ನಿಮಿಷ, ಎರಡನೆಯ ವಾರ ನಾಲ್ಕು.

ಮೇ ಇಪ್ಪತ್ತಾರರಂದು ಜೋರು ಮಳೆ. ನಾನು ಹೊರಗೆ ಓಡಿದೆ. "ದೊಡ್ಡಮ್ಮ, ಒಳಗ್ ಬನ್ನಿ, ನೆನೀತೀರಿ!"

"ಇನ್ನೂ ನಾಲ್ಕ್ ನಿಮಿಷ ಇದೆ."

"ಮಗೂಗೆ ಗಡಿಯಾರ ನೋಡಕ್ಕೆ ಎಲ್ ಬರತ್ತೆ?"

"ನಂಗೆ ಬರತ್ತಲ್ಲ!"

ಅಷ್ಟರಲ್ಲಿ ಒಳಗಿನಿಂದ ದೊಡ್ಡಮ್ಮನ ದನಿ ಕೇಳಿಸಿತು. ಹಾಜರಿ ಕೂಗುವ ಅದೇ ಎಳೆದ ರಾಗ. ದೊಡ್ಡಮ್ಮ ನನ್ನ ಎದುರಿಗೇ ನೆನೆಯುತ್ತ ನಿಂತಿದ್ದರು. ಅವರ ತುಟಿ ಅಲುಗಿರಲಿಲ್ಲ. ಕಿಟಕಿಗೆ ಹೋಗಿ ನೋಡಿದೆ. ಪುಟ್ಟಿ ಒಂದೊಂದೇ ಮುಖದ ಮುಂದೆ ನಿಂತು, "ಪೆಜಂತ್... ಪೆಜಂತ್..." ಎನ್ನುತ್ತ ಹೋಗುತ್ತಿದ್ದಳು. ಹನ್ನೆರಡನೆಯವಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಅವಳ ಕಲಸಿಹೋದ ಕೆನ್ನೆಯನ್ನು ಅಂಗೈಯಿಂದ ಒರೆಸಿದಳು.

"ಅಬೇಡ. ಅಮ್ಮ ಬತ್ತಾಳೆ."

ಈ ಮಾತನ್ನು ನಾನು ಹೇಳಿಕೊಟ್ಟಿರಲಿಲ್ಲ. ಅಕ್ಕನೂ ಹೇಳಿಕೊಟ್ಟಿರಲಿಲ್ಲ. ಡೈರಿಯಲ್ಲಿ "ಕಲಿಸಿದವರು: ತಿಳಿಯದು" ಎಂದು ಬರೆದೆ. ಬರೆಯುವಾಗ ಬಾಗಿಲಿಗೆ ಬೆನ್ನು ಹಾಕಿ ಕೂರಲಿಲ್ಲ.

ತಿಳಿದದ್ದು ಮೇ ಮೂವತ್ತೊಂದರ ಮಧ್ಯಾಹ್ನ. ಪುಟ್ಟಿ ಮಲಗಿದ್ದಳು. ಹಜಾರದಿಂದ ಪಿಸುಮಾತು. ಇಣುಕಿದರೆ ದೊಡ್ಡಮ್ಮ ಹನ್ನೆರಡನೆಯವಳ ಪಕ್ಕದಲ್ಲಿ, ಅವಳಂತೆಯೇ ಬಾಗಿಲ ಕಡೆ ಕತ್ತು ಹೊರಳಿಸಿ ಕೂತಿದ್ದರು. "ಅಳಬೇಡ, ಅಮ್ಮ ಬರ್ತಾಳೆ" ಎನ್ನುತ್ತಿದ್ದರು. ಎರಡು ಕಿವಿಗಳು ಅಕ್ಕಪಕ್ಕ. ಎರಡರ ತುದಿಯೂ ಒಂದೇ ಥರ ಮಡಿಸಿಕೊಂಡಿತ್ತು. ಮೂರು ವಾರ ಎಣಿಸಿದ ನನಗೆ ಇದು ಕಂಡಿರಲಿಲ್ಲವಲ್ಲ!

"ದೊಡ್ಡಮ್ಮ, ಇದು ನೀವು."

ಅವರು ತಿರುಗಲಿಲ್ಲ. "ನಮ್ಮಮ್ಮ ಕಾಗೆ ತೋರ್ಸಿದ್ರು ಕಣೆ. ನಾನು ನೋಡ್ದೆ. ತಿರುಗಿದ್ರೆ ಅಮ್ಮ ಇಲ್ಲ. ಅವತ್ತೇ ಫೋಟೋದವನು ಬಂದಿದ್ದ."

"ಸಂಜೆ ಬಂದ್ರಲ್ಲ?"

"ಬಂದ್ರು. ಬರದೆ ಇರ್ತಾರಾ? ಆದ್ರೆ ಅವತ್ತಿಂದ ನಾನು ಕಾಗೆ ನೋಡಿಲ್ಲ."

ಹದಿನಾಲ್ಕು ಗೀಟುಗಳು ನೆನಪಾದವು.

ಜೂನ್ ಒಂದು. ಶಿಶುವಿಹಾರದ ಗೇಟು. ಅಕ್ಕ ಪುಟ್ಟಿಯ ಕಣ್ಣಲ್ಲಿ ಕಣ್ಣಿಟ್ಟು, "ನಾನು ಆಫೀಸಿಗೆ ಹೋಗ್ತಿದೀನಿ, ಸಾಯಂಕಾಲ ಬರ್ತೀನಿ" ಎಂದು ಹೇಳಿಯೇ ಹೊರಟಳು. ಪುಟ್ಟಿಯ ತುಟಿ ಒಮ್ಮೆ ನಡುಗಿತು, ಅಷ್ಟೇ. ಮಿಸ್ ಕೈ ಹಿಡಿದು ಒಳಗೆ ಹೋದಳು. ಅಳು: ಸೊನ್ನೆ ನಿಮಿಷ. ಗೀಟು ಹಾಕೋಣವೆಂದು ಪೆನ್ನು ತೆಗೆದರೆ ಪಕ್ಕದಲ್ಲಿ ಬಿಕ್ಕುವ ಸದ್ದು. ದೊಡ್ಡಮ್ಮ ಗೇಟಿನ ಸರಳು ಹಿಡಿದು ಅಳುತ್ತಿದ್ದರು. ಮಿಸ್ ಬಂದು, "ಅಜ್ಜೀ, ನೀವು ಹೊರಡಿ. ನೀವೇ ಅತ್ರೆ ಹೆಂಗೆ?" ಎಂದರೂ ನಿಲ್ಲಲಿಲ್ಲ.

ಪುಟ್ಟಿ ಓಡಿ ಬಂದಳು. ಮುಗಿಯಿತು, ಸೀಟು ಹೋಯಿತು ಅಂದುಕೊಂಡೆ. ಅವಳು ಸರಳಿನ ನಡುವೆ ಕೈ ತೂರಿಸಿ ದೊಡ್ಡಮ್ಮನ ಸೆರಗು ಹಿಡಿದಳು.

"ಅಬೇಡ. ಅಮ್ಮ ಬತ್ತಾಳೆ." ಆಮೇಲೆ ಇನ್ನೊಂದು ಕೈಯಲ್ಲಿ ಎದುರು ಕಾಂಪೌಂಡ್ ತೋರಿಸಿ, "ಅಜ್ಜೀ, ನೋಡು, ಕಾಕಾ!"

ದೊಡ್ಡಮ್ಮ ಆ ಪುಟ್ಟ ಮಣಿಕಟ್ಟು ಹಿಡಿಯಲು ಕೈ ಚಾಚಿದರು. ಹಿಡಿಯಲಿಲ್ಲ. ನಿಧಾನವಾಗಿ ತಿರುಗಿ, ಕಾಗೆಯನ್ನು ನೋಡಿದರು. ತುಂಬ ಹೊತ್ತು ನೋಡಿದರು. ಎಷ್ಟು ಹೊತ್ತು ಎಂದು ನಾನು ಎಣಿಸಲಿಲ್ಲ.

ಅವರು ಮತ್ತೆ ಈ ಕಡೆ ತಿರುಗಿದಾಗ ಪುಟ್ಟಿ ಅಲ್ಲೇ ಇದ್ದಳು, ಸೆರಗು ಹಿಡಿದುಕೊಂಡು.