ದೊಡ್ಡಪ್ಪನ ಎಡಗಣ್ಣಿನ ವಿಚಾರವಾಗಿ ಕ್ಯಾಮೆರಾದೊಳಗಿನ ಮಾನ್ಯರಿಗೆ

ನನ್ನ ಹೊಸ ಡಿಜಿಟಲ್ ಕ್ಯಾಮೆರಾದಲ್ಲಿ ಮುಖಗಳ ಉಸ್ತುವಾರಿ ವಹಿಸಿಕೊಂಡಿರುವ ಮಾನ್ಯರೇ,

ತಮಗೂ, ತಮ್ಮ ಮನೆಯವರಿಗೂ, ತಮ್ಮ ಕಂಪನಿಯಲ್ಲಿ ಮೂಗು, ಕಿವಿ, ಬಾಯಿಗಳನ್ನು ನೋಡಿಕೊಳ್ಳುತ್ತಿರುವ ಇತರ ಅಧಿಕಾರಿಗಳಿಗೂ ಕೈಮುಗಿದು ನಮಸ್ಕಾರಗಳು. ನನ್ನ ಅಕ್ಷರ ಗುಂಡಗಿಲ್ಲ, ಕಾಗುಣಿತ ಅಲ್ಲಲ್ಲಿ ಕೈಕೊಟ್ಟಿರಬಹುದು, ದಯವಿಟ್ಟು ಮನ್ನಿಸಬೇಕು. ನಾನು ಓದಿದ್ದು ಐದನೇ ತರಗತಿಯವರೆಗೆ. ಆಮೇಲೆ ಚಪ್ಪಲಿ ಡಬ್ಬಿ ಮಡಚುವ ಕಾರ್ಖಾನೆಗೆ ಸೇರಿದವಳು, ಡಬ್ಬಿಗಳ ಮೇಲೆ ಆರು, ಏಳು, ಎಂಟು ಎಂದು ಕಾಲಿನ ಅಳತೆ ಬರೆಯುವುದನ್ನು ಬಿಟ್ಟರೆ ಬೇರೇನನ್ನೂ ಹೆಚ್ಚಾಗಿ ಬರೆದವಳಲ್ಲ. ತಾವಿರುವಲ್ಲಿಗೇ ಬಂದು ಎದುರಿಗೆ ನಿಂತು ಹೇಳಬೇಕಿತ್ತು. ಆದರೆ ನಾಲ್ಕು ಜನ ಇದ್ದಲ್ಲಿ ನನಗೆ ಬಾಯಿ ಬರುವುದಿಲ್ಲವಾದ್ದರಿಂದ, ನಾಲ್ಕು ಸಾವಿರ ಜನ ಓದುವ ಪತ್ರಿಕೆಗೇ ಈ ಪತ್ರವನ್ನು ಕೊಡುತ್ತಿದ್ದೇನೆ.

ದೂರಿಗೆ ಮೊದಲು ಹೊಗಳಿಕೆ ಸಲ್ಲಬೇಕು. ತಮ್ಮ ಕ್ಯಾಮೆರಾ ಕೈಗೆ ಬರುವವರೆಗೆ ನಾನು ಈ ಊರನ್ನು ನೆಲದಿಂದ ಮೊಣಕಾಲಿನವರೆಗೆ ಮಾತ್ರ ನೋಡಿದ್ದೆ, ಏಕೆಂದರೆ ತಲೆ ಎತ್ತಿ ನಡೆಯುವುದು ನನಗೆ ಅಭ್ಯಾಸವಿಲ್ಲ. ಕ್ಯಾಮೆರಾವನ್ನು ಕಣ್ಣಿಗೆ ಹಿಡಿದ ದಿನ, ಎದುರು ಮನೆಯ ದರ್ಜಿಗೆ ಮೀಸೆ ಇದೆ ಎಂಬುದು ಏಳು ವರ್ಷಗಳ ನಂತರ ತಿಳಿಯಿತು. ಬಸ್ಸಿನ ಕಿಟಕಿಗೆ ಕೆನ್ನೆ ಒತ್ತಿ ನಿದ್ದೆ ಮಾಡುವವರು, ತಂತಿಗಳ ಮೇಲೆ ಸಾಲಾಗಿ ಕೂತ ಕಾಗೆಗಳು, ಅವುಗಳ ನಡುವೆ ತಿರುಗಿ ಕೂತ ಒಂದೇ ಒಂದು ಕಾಗೆ, ಏಣಿ ಹೊತ್ತುಕೊಂಡು ಓಣಿಯ ತಿರುವಿನಲ್ಲಿ ಸಿಕ್ಕಿಹಾಕಿಕೊಂಡ ಬಣ್ಣ ಬಳಿಯುವವನು, ಅವನ ಹಿಂದೆ ನಿಂತುಹೋದ ಇಡೀ ಓಣಿಯ ಬೆಳಗು, ಇವನ್ನೆಲ್ಲ ನನಗೆ ತೋರಿಸಿಕೊಟ್ಟವರು ತಾವೇ. ಕಾರ್ಖಾನೆಯ ಅಕ್ಕಂದಿರು "ಏ, ನೆಲ ನೋಡ್ಕೊಂಡು ಹೋಗ್ತಿದ್ದೋಳು ಈಗ ಆಕಾಶ ನೋಡ್ಕೊಂಡು ಹೋಗ್ತಾಳೆ, ಯಾವತ್ತೋ ಒಂದಿನ ಮೋರಿಗೆ ಬೀಳ್ತಾಳೆ ನೋಡ್ತಿರಿ" ಎಂದು ಆಡಿಕೊಂಡರು. ನಾನು ಎರಡು ಸಲ ಬಿದ್ದೆ. ಎರಡು ಸಲವೂ ಕ್ಯಾಮೆರಾವನ್ನು ಮೇಲೆ ಎತ್ತಿ ಹಿಡಿದೇ ಬಿದ್ದೆ ಎಂಬುದನ್ನು ತಾವು ಗಮನಿಸಿರಬಹುದು.

ಮುಖ ಗುರುತಿಸುವುದರಲ್ಲಿ ತಮಗಿರುವ ಉತ್ಸಾಹವನ್ನು ಎಷ್ಟು ಹೊಗಳಿದರೂ ಸಾಲದು. ನಮ್ಮ ಕಟ್ಟಡದ ಮೆಟ್ಟಿಲ ಕೆಳಗೆ ಸಾಲಾಗಿರುವ ಕರೆಂಟ್ ಮೀಟರುಗಳನ್ನು ನೋಡಿದ ಕೂಡಲೇ ತಾವು ಮೂರನೆಯದರ ಸುತ್ತ ಹಳದಿ ಚೌಕಟ್ಟು ಹಾಕಿ, ಅದು ನಗುತ್ತಿದೆ ಎಂದು ತೀರ್ಮಾನಿಸಿ, ನಾನು ಗುಂಡಿ ಒತ್ತುವ ಮೊದಲೇ ತಾವಾಗಿಯೇ ಫೋಟೋ ತೆಗೆದಿರಿ. ಮೂರನೇ ಮೀಟರು ನಮ್ಮದು. ನಮ್ಮ ತಿಂಗಳ ಬಿಲ್ಲು ನೋಡಿದರೆ ಅದು ನಗುವುದಕ್ಕೆ ಕಾರಣವಿದೆ ಎಂದು ದೊಡ್ಡಮ್ಮ ಹೇಳಿದರು. ಅದಿರಲಿ, ಅಷ್ಟು ಒಳ್ಳೆಯ ಮನಸ್ಸಿನ ತಾವು ನನ್ನ ದೊಡ್ಡಪ್ಪನ ವಿಚಾರದಲ್ಲಿ ಏಕೆ ಹಾಗೆ ನಡೆದುಕೊಂಡಿರಿ ಎಂಬುದು ಈ ಪತ್ರದ ವಿಷಯ.

ನನ್ನ ದೊಡ್ಡಪ್ಪ ಕೈಗಡಿಯಾರ ರಿಪೇರಿ ಮಾಡುವವರು. ಬಸ್ ನಿಲ್ದಾಣದ ಮೇಲ್ಸೇತುವೆಯ ಮೆಟ್ಟಿಲುಗಳ ಕೆಳಗೆ, ಒಬ್ಬರು ಕೂತರೆ ಇನ್ನೊಬ್ಬರು ಹೊರಗೆ ನಿಲ್ಲಬೇಕಾದಷ್ಟು ದೊಡ್ಡ ಗೂಡಂಗಡಿ ಅವರದು. ಮೂವತ್ತೈದು ವರ್ಷಗಳಿಂದ ಅಲ್ಲಿ ಕೂತು, ಎಡಗಣ್ಣಿಗೆ ಕಪ್ಪು ಅಂಚಿನ ಮಸೂರ ಸಿಕ್ಕಿಸಿಕೊಂಡು, ಕೂದಲಿಗಿಂತ ಸಣ್ಣ ಸ್ಪ್ರಿಂಗುಗಳನ್ನು ಚಿಮಟದಲ್ಲಿ ಎತ್ತಿ ಇಡುತ್ತಿದ್ದಾರೆ. ಮಸೂರಕ್ಕೆ ದಾರವಿಲ್ಲ, ಕಡ್ಡಿಯಿಲ್ಲ. ಹುಬ್ಬು ಮೇಲಿನಿಂದಲೂ ಕೆನ್ನೆ ಕೆಳಗಿನಿಂದಲೂ ಅದನ್ನು ಹಿಡಿದುಕೊಳ್ಳಬೇಕು. ಹೀಗೆ ಹಿಡಿದು ಹಿಡಿದು ಅವರ ಹುಬ್ಬು ಕೆಳಗಿಳಿದಿದೆ, ಕೆನ್ನೆ ಮೇಲೆ ಹತ್ತಿದೆ, ಮಸೂರವನ್ನು ಡಬ್ಬಿಯಲ್ಲಿಟ್ಟು ಮನೆಗೆ ಬಂದರೂ ಎಡಗಣ್ಣು ಅದಕ್ಕೆಂದು ಜಾಗ ಹಿಡಿದುಕೊಂಡೇ ಕೂತಿರುತ್ತದೆ. ಅದು ಮುಚ್ಚಿದ ಕಣ್ಣಲ್ಲ. ಮನೆಯಲ್ಲಿ ಅತ್ಯಂತ ಚೆನ್ನಾಗಿ ಕಾಣುವ ಕಣ್ಣು ಅದೇ. ದೊಡ್ಡಮ್ಮ ಸೂಜಿಗೆ ದಾರ ಪೋಣಿಸಬೇಕಾದರೆ "ನಿಮ್ಮ ಸಣ್ಣ ಕಣ್ಣನ್ನ ಸ್ವಲ್ಪ ಈ ಕಡೆ ತನ್ನಿ" ಎಂದು ಕರೆಯುತ್ತಾರೆ.

ಈ ವರ್ಷ ಗೂಡಂಗಡಿಯ ಪರವಾನಗಿ ನವೀಕರಿಸಬೇಕಿತ್ತು. ಹಳೆಯ ಫೋಟೋ ನಡೆಯುವುದಿಲ್ಲ, ಹೊಸದು ಬೇಕು, ತಿಂಗಳ ಕೊನೆಯ ಶುಕ್ರವಾರದೊಳಗೆ ಕೊಡದಿದ್ದರೆ ಜಾಗ ಪಟ್ಟಿಯಲ್ಲಿ ಮುಂದಿರುವವರಿಗೆ ಹೋಗುತ್ತದೆ ಎಂದು ಕಚೇರಿಯಿಂದ ಕಾಗದ ಬಂತು. ಪಟ್ಟಿಯಲ್ಲಿ ಮುಂದಿದ್ದವರು ಮೊಬೈಲ್ ಕವರ್ ಮಾರುವವರು. ಬಹಳ ಸಭ್ಯರು. ದಿನಾ ಸಂಜೆ ಬಂದು ದೊಡ್ಡಪ್ಪನ ಆರೋಗ್ಯ ವಿಚಾರಿಸಿ, ಹೋಗುವಾಗ ಗೂಡಂಗಡಿಯ ಅಗಲವನ್ನು ಗೇಣಿನಲ್ಲಿ ಅಳೆದುಕೊಂಡು ಹೋಗುತ್ತಿದ್ದರು. ಸ್ಟುಡಿಯೋಗೆ ಹೋಗೋಣ ಎಂದರೆ ದೊಡ್ಡಪ್ಪ "ಸ್ಟುಡಿಯೋ ಯಾಕೆ? ನಮ್ಮ ಹುಡುಗೀನೇ ತೆಗೀತಾಳೆ, ಅವಳ ಹತ್ರ ಹೊಸಾ ಕ್ಯಾಮೆರಾ ಇದೆ" ಎಂದು ಬಸ್ ನಿಲ್ದಾಣಕ್ಕೆಲ್ಲ ಕೇಳುವ ಹಾಗೆ ಹೇಳಿಬಿಟ್ಟರು. ಮೂವತ್ತೈದು ವರ್ಷಗಳ ಅಂಗಡಿಯನ್ನು ಅವರು ನನ್ನ ಕೈಯಲ್ಲಿಟ್ಟರು. ನಾನು ತಮ್ಮ ಕೈಯಲ್ಲಿಟ್ಟೆ.

ಭಾನುವಾರ ಮನೆಯ ಬಿಳಿ ಗೋಡೆಗೆ ಅವರನ್ನು ನಿಲ್ಲಿಸಿ ಗುಂಡಿ ಒತ್ತಿದೆ. ಪರದೆಯ ಮೇಲೆ ತಮ್ಮ ವಿನಯದ ಮಾತು ಮೂಡಿತು: "ಒಂದು ಕಣ್ಣು ಮುಚ್ಚಿದೆ. ಮತ್ತೊಮ್ಮೆ ತೆಗೆಯೋಣವೇ?" ಕೆಳಗೆ ಹೌದು, ಬೇಡ ಎಂದು ಎರಡು ಉತ್ತರಗಳಿದ್ದವು. ಯಾರಾದರೂ ಇಷ್ಟು ಮರ್ಯಾದೆಯಿಂದ ಕೇಳಿದರೆ ಬೇಡ ಎನ್ನುವುದು ನನಗೆ ಹುಟ್ಟಿದಾಗಿನಿಂದ ಬಂದಿಲ್ಲ, ಆದ್ದರಿಂದ ಹೌದು ಒತ್ತಿದೆ. ಮತ್ತೆ ತಾವು ಕೇಳಿದಿರಿ, ಮತ್ತೆ ನಾನು ಹೌದು ಒತ್ತಿದೆ. ಹೀಗೆ ನಲವತ್ತೊಂದು ಸಲ ತಾವೂ ಬೇಸರಿಸಿಕೊಳ್ಳಲಿಲ್ಲ, ನಾನೂ ಎದುರಾಡಲಿಲ್ಲ. ದೊಡ್ಡಪ್ಪ ಮಾತ್ರ ನಡುವೆ ನಿಂತು, ಹುಬ್ಬು ಎತ್ತಿ ನೋಡಿದರು, ಕತ್ತು ಹಿಂದಕ್ಕೆ ಎಳೆದು ನೋಡಿದರು, ಕೊನೆಗೆ ಬೆರಳಿನಿಂದ ರೆಪ್ಪೆಯನ್ನೇ ಮೇಲಕ್ಕೆ ಹಿಡಿದುಕೊಂಡು "ಈಗ ಒಪ್ಪುತ್ತಾ ಕೇಳಮ್ಮಾ" ಎಂದರು. ತಾವು ಒಪ್ಪಲಿಲ್ಲ. ಬೆರಳು ಅಡ್ಡ ಬಂದಿದೆ ಎಂದಿರಿ.

ಆಗ ತಾವೇ ದಾರಿ ತೋರಿಸಿದಿರಿ. "ಅತ್ಯುತ್ತಮ ಮುಖ" ಎಂಬ ಸೌಲಭ್ಯವಿದೆ, ಒಂದೇ ಸಲಕ್ಕೆ ಐದು ಫೋಟೋ ತೆಗೆದು ಐದರಲ್ಲಿ ಚೆನ್ನಾಗಿರುವ ಭಾಗಗಳನ್ನು ಆರಿಸಿ ಒಂದು ಮುಖ ಮಾಡಿಕೊಡುತ್ತೇವೆ ಎಂದಿರಿ. ನಾನು ಹೌದು ಎಂದೆ. ಐದರಲ್ಲಿ ಒಂದು ತೆಗೆಯುವಾಗ ಕೆಳಗಿನ ರಸ್ತೆಯಲ್ಲಿ ಲಾರಿಯ ಟೈರು ಸಿಡಿಯಿತು, ದೊಡ್ಡಪ್ಪ ಬೆಚ್ಚಿಬಿದ್ದರು. ಆ ಬೆಚ್ಚಿದ ಕಣ್ಣನ್ನು ತಾವು ಆರಿಸಿಕೊಂಡು, ಇನ್ನೊಂದರಿಂದ ನಗು ತಂದು, ಕೆನ್ನೆಯ ಗೆರೆಗಳನ್ನೆಲ್ಲ ಇಸ್ತ್ರಿ ಮಾಡಿ, ಎರಡು ದೊಡ್ಡ ಕಣ್ಣುಗಳ ಒಬ್ಬ ಮಹನೀಯರನ್ನು ತಯಾರಿಸಿ ಕೊಟ್ಟಿರಿ. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು "ಯಾರೇ ಇವ್ರು? ನೋಡಿದ್ರೆ ಬ್ಯಾಂಕ್ ಮ್ಯಾನೇಜರ್ ಥರ ಇದಾರೆ" ಎಂದರು. ದೊಡ್ಡಪ್ಪ ಮಾತ್ರ ನಗಲಿಲ್ಲ. ನಾನು ಪ್ರಿಂಟ್ ಹಾಕಿಸಿ ತಂದ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ "ಹೀಗಿದ್ರೆ ಚೆನ್ನಾಗಿತ್ತು, ಅಲ್ವಾ" ಎಂದು ಯಾರನ್ನೂ ಕೇಳದ ಹಾಗೆ ಕೇಳಿದರು. ಅಂದಿನಿಂದ ಊಟಕ್ಕೆ ಕೂತಾಗಲೂ ಎಡಗೈಯನ್ನು ಹಣೆಗೆ ಕೊಟ್ಟುಕೊಂಡು, ಆ ಕಣ್ಣಿಗೆ ನೆರಳು ಮಾಡಿಕೊಂಡು ಕೂರತೊಡಗಿದರು.

ಸೋಮವಾರ ಕಚೇರಿಗೆ ಆ ಫೋಟೋ ಕೊಟ್ಟಾಗ ಗುಮಾಸ್ತರು ಅದನ್ನೊಮ್ಮೆ, ದೊಡ್ಡಪ್ಪನನ್ನೊಮ್ಮೆ ನೋಡಿ "ಇವರು ನಿಮ್ಮ ತಮ್ಮನಾ? ಅಂಗಡಿ ಅವರ ಹೆಸರಿಗಾದ್ರೆ ಅವರನ್ನೇ ಕಳಿಸಿ, ನೀವ್ಯಾಕೆ ಓಡಾಡ್ತೀರಿ ಪಾಪ" ಎಂದು ಅರ್ಜಿಯನ್ನು ಹಿಂದಕ್ಕೆ ಸರಿಸಿದರು. ದೊಡ್ಡಪ್ಪ "ಇದು ನಾನೇ ಸ್ವಾಮಿ" ಎಂದದ್ದಕ್ಕೆ ಸಾಲಿನಲ್ಲಿ ಹಿಂದೆ ನಿಂತಿದ್ದವರು ನಕ್ಕರು. ನಾನು ಪಕ್ಕದಲ್ಲೇ ಇದ್ದೆ, ಫೋಟೋ ತೆಗೆದವಳು ನಾನು ಎಂದು ಹೇಳಬೇಕಿತ್ತು, ಹೇಳಲಿಲ್ಲ. ಅದಕ್ಕೆ ತಾವು ಹೊಣೆಯಲ್ಲ.

ಮಾನ್ಯರೇ, ಇಲ್ಲಿಯವರೆಗೆ ಆದದ್ದು ಕಚೇರಿಯ ಓಡಾಟ. ಮುಂದೆ ಆದದ್ದು ಬೇರೆ. ಮಂಗಳವಾರ ಬೆಳಿಗ್ಗೆ ದೊಡ್ಡಪ್ಪ ಕನ್ನಡಿಯ ಮುಂದೆ ನಿಂತು, ತಾವು ಹೇಳಿದ ಹಾಗೆ ಎಡಗಣ್ಣನ್ನು ಅಗಲವಾಗಿ ತೆರೆಯುವ ಅಭ್ಯಾಸ ಮಾಡುತ್ತಿದ್ದರು. ಮುಖ ತೊಳೆಯುವಾಗ ಮಾಡಿದರು, ಬಸ್ಸಿಗೆ ಕಾಯುವಾಗ ಮಾಡಿದರು, ಎರಡು ದಿನ ಬಿಡದೆ ಮಾಡಿದರು. ಬುಧವಾರ ನಿವೃತ್ತ ಟೀಚರಮ್ಮನವರೊಬ್ಬರ ಗಡಿಯಾರದ ಬೆನ್ನು ತೆರೆದು ಬಗ್ಗಿದಾಗ, ಹಿಡಿತ ಮರೆತ ಹುಬ್ಬಿನಿಂದ ಮಸೂರ ಜಾರಿ ಗಡಿಯಾರದೊಳಗೆ ಬಿತ್ತು, ಕೂದಲಿನಂಥ ಸ್ಪ್ರಿಂಗು ಬಾಗಿತು. ಮೂವತ್ತೈದು ವರ್ಷಗಳಲ್ಲಿ ಅವರ ಮಸೂರ ಒಮ್ಮೆಯೂ ಬಿದ್ದಿರಲಿಲ್ಲ. ಟೀಚರಮ್ಮ "ಪರವಾಗಿಲ್ಲ ಬಿಡಿ, ನಿಧಾನಕ್ಕೆ ಮಾಡಿ" ಎಂದರಂತೆ. ದೊಡ್ಡಪ್ಪ ಮಧ್ಯಾಹ್ನಕ್ಕೇ ಬಾಗಿಲು ಎಳೆದು ಮನೆಗೆ ಬಂದು, ಕಾರ್ಖಾನೆಯಿಂದ ಆಗಷ್ಟೇ ಊಟಕ್ಕೆ ಬಂದಿದ್ದ ನನ್ನ ಹತ್ತಿರ "ನಿನ್ನ ಕ್ಯಾಮೆರಾ ಹೇಳೋದು ಸರಿ ಕಣಮ್ಮಾ. ಈ ಕಣ್ಣು ಸರಿಯಿಲ್ಲ. ಆ ಕವರ್ ಮಾರೋನಿಗೆ ಕೊಟ್ಬಿಡೋಣ" ಎಂದರು.

ಈ ಕಾರಣದಿಂದ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳಿವೆ. ತಾವು ತಯಾರಿಸಿದ ಎರಡು ಕಣ್ಣಿನ ಮಹನೀಯರನ್ನು ಆದಷ್ಟು ಬೇಗ ನಮ್ಮಲ್ಲಿಗೆ ಕಳುಹಿಸಿಕೊಡಬೇಕು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಗೂಡಂಗಡಿಯಲ್ಲಿ ಕೂರಬೇಕು, ಗಡಿಯಾರದ ಕೆಲಸ ಗೊತ್ತಿರಬೇಕು, ಕಾಲು ಮಡಚಿಕೊಳ್ಳಲು ಬರಬೇಕು. ಅವರಿಗೆ ಅಷ್ಟು ದೊಡ್ಡ ಕಣ್ಣುಗಳಿರುವುದರಿಂದ ಮಸೂರ ನಿಲ್ಲುವುದಿಲ್ಲ, ಅದನ್ನು ಹಿಡಿದುಕೊಳ್ಳಲು ತಮ್ಮ ಕಂಪನಿಯಿಂದ ಇನ್ನೊಬ್ಬರನ್ನೂ ಕಳುಹಿಸಬೇಕು. ಆ ಇನ್ನೊಬ್ಬರು ಹೊರಗೆ ನಿಲ್ಲಬೇಕಾಗುತ್ತದೆ. ಜೊತೆಗೆ, ಬೆಚ್ಚಿಬಿದ್ದವನ ಕಣ್ಣು ಕೆಲಸ ಮಾಡಿ ದಣಿದವನ ಕಣ್ಣಿಗಿಂತ ಯಾವ ಲೆಕ್ಕದಲ್ಲಿ ಉತ್ತಮ ಎಂಬುದನ್ನು ತಮ್ಮ ಕಣ್ಣಿನ ವಿಭಾಗದಲ್ಲಿ ವಿಚಾರಿಸಿ, ನನಗೆ ಅರ್ಥವಾಗುವ ಹಾಗೆ ನಾಲ್ಕು ಸಾಲು ಬರೆದು ತಿಳಿಸಬೇಕು.

ಆದರೆ ಆಗ ತಮಗೆ ಬರೆದು ಉತ್ತರಕ್ಕೆ ಕಾಯುವಷ್ಟು ದಿನಗಳಿರಲಿಲ್ಲ. ಗುರುವಾರ ಕಾರ್ಖಾನೆಗೆ ಅರ್ಧ ದಿನ ರಜೆ ಹೇಳಿ, ಕವರ್ ಮಾರುವವರಿಗೆ ಅಂಗಡಿ ಕೊಡುವುದಿದ್ದರೆ ಕೊಡೋಣ, ಆದರೆ ಟೀಚರಮ್ಮನ ಗಡಿಯಾರ ಹಾಗೇ ಇಟ್ಟುಕೊಳ್ಳುವುದು ಸರಿಯಲ್ಲ ಎಂದು ದೊಡ್ಡಪ್ಪನನ್ನು ಗೂಡಂಗಡಿಗೆ ಹೊರಡಿಸಿದೆ. ಅವರು ಬಾಗಿದ ಸ್ಪ್ರಿಂಗನ್ನು ಎರಡು ಗಂಟೆ ತಿದ್ದಿದರು. ಮಸೂರ ಮೊದಲು ಎರಡು ಸಲ ಜಾರಿತು, ಮೂರನೇ ಸಲ ನಿಂತಿತು. ಗಡಿಯಾರ ನಡೆಯತೊಡಗಿತು. ಅದನ್ನು ಕಿವಿಗೆ ಹಿಡಿದು ಕೇಳಿ, ಮಸೂರ ತೆಗೆದಿಟ್ಟು, ನಾನು ಅಲ್ಲಿದ್ದೇನೆಂಬುದನ್ನೇ ಮರೆತಿದ್ದವರು ತಲೆ ಎತ್ತಿ ನನ್ನನ್ನು ನೋಡಿದರು. ನಾನು ಗುಂಡಿ ಒತ್ತಿದೆ. ತಾವು ಎಂದಿನ ಹಾಗೆ ಒಂದು ಕಣ್ಣು ಮುಚ್ಚಿದೆ, ಮತ್ತೊಮ್ಮೆ ತೆಗೆಯೋಣವೇ ಎಂದು ಕೇಳಿದಿರಿ. ನನ್ನ ಹೆಬ್ಬೆರಳು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತ್ತು. ಆಮೇಲೆ ಬೇಡ ಎಂಬುದರ ಮೇಲೆ ಇಳಿಯಿತು. ಆಕಾಶ ಬೀಳಲಿಲ್ಲ, ತಾವೂ ಮರುಮಾತಾಡದೆ ಫೋಟೋವನ್ನು ಉಳಿಸಿಕೊಂಡಿರಿ. ಬೇಡ ಎಂದರೆ ಇಷ್ಟು ಬೇಗ ಕೇಳುವವರು ತಾವೆಂದು ಮೊದಲೇ ತಿಳಿದಿದ್ದರೆ ನಲವತ್ತೊಂದು ಸಲ ತಮಗೆ ತೊಂದರೆ ಕೊಡುತ್ತಿರಲಿಲ್ಲ.

ಶುಕ್ರವಾರ ಗುಮಾಸ್ತರು ಆ ಫೋಟೋ ನೋಡಿ "ಹಾಂ, ಇದು ನೀವೇ. ಮೊದಲೇ ಇದನ್ನ ತರೋದಲ್ವಾ? ಸುಮ್ನೆ ನಮ್ಮನ್ನ ಅಲೆದಾಡಿಸಿದ್ರಿ" ಎಂದು ಕುರ್ಚಿಯಿಂದ ಏಳದೆ ಹೇಳಿದರು. "ತೆಗೆದಿದ್ದು ಯಾರು?" ಎಂದು ಕೇಳಿದ್ದಕ್ಕೆ ನಾನು ಎಂದೆ. ಸಾಲಿನಲ್ಲಿ ಹಿಂದಿದ್ದವರಿಗೂ ಕೇಳಿಸಿತು ಎಂದು ದೊಡ್ಡಪ್ಪ ಆಮೇಲೆ ಹೇಳಿದರು. ಗುಮಾಸ್ತರು ಹಾಕಿದ ಮುದ್ರೆ ಫೋಟೋದ ಬಲಗಣ್ಣಿನ ಮೇಲೆ ಸರಿಯಾಗಿ ಕೂತು, ಈಗ ಪರವಾನಗಿಯಲ್ಲಿ ಕಾಣಿಸುತ್ತಿರುವುದು ಎಡಗಣ್ಣೊಂದೇ. ಅದನ್ನು ಗಾಜು ಹಾಕಿಸಿ ಗೂಡಂಗಡಿಯಲ್ಲಿ, ಗಿರಾಕಿಗಳಿಗೆ ಎದುರಾಗುವ ಹಾಗೆ ದೊಡ್ಡಪ್ಪನೇ ತೂಗುಹಾಕಿದ್ದಾರೆ. ಹಣೆಗೆ ಕೈ ಕೊಟ್ಟುಕೊಂಡು ಕೂರುವುದನ್ನು ಬಿಟ್ಟಿದ್ದಾರೆ.

ತಮ್ಮ ಅಮೂಲ್ಯ ಸಮಯವನ್ನು ಇಷ್ಟು ಹೊತ್ತು ತೆಗೆದುಕೊಂಡದ್ದಕ್ಕೆ, ನಡುವೆ ಎಲ್ಲಾದರೂ ರೆಪ್ಪೆ ಮಿಟುಕಿಸಿದ್ದರೆ ಅದಕ್ಕೂ, ಕ್ಷಮೆ ಕೋರುವ

ತಮ್ಮ ವಿಶ್ವಾಸಿ,
ಗಡಿಯಾರದವರ ತಮ್ಮನ ಮಗಳು

ತಾ.ಕ.: ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು, ಡಬ್ಬಿಗೆ ಅಂಟಿಸುವ ಟೇಪಿನಲ್ಲಿ ಉಗುರಗಲದ ತುಂಡೊಂದನ್ನು ಹರಿದು, ಪರದೆಯ ಮೇಲೆ ತಮ್ಮ ಅಭಿಪ್ರಾಯಗಳು ಮೂಡುವ ಜಾಗಕ್ಕೆ ಅಂಟಿಸಿದೆ. ಫೋಟೋಗಳಿಗೆ ಏನೂ ತೊಂದರೆಯಾಗಿಲ್ಲ. ತಮಗೂ ಬೇಕಿದ್ದರೆ ಒಂದು ತುಂಡು ಕಳುಹಿಸುತ್ತೇನೆ, ಎಲ್ಲಿ ಅಂಟಿಸಿಕೊಳ್ಳಬೇಕೆಂಬುದನ್ನು ತಮ್ಮ ವಿವೇಚನೆಗೆ ಬಿಟ್ಟಿದ್ದೇನೆ.