ಮೂರನೆಯ ಕುರುವಿನ ವಿಚಾರಣೆ

ಮಗುವಿನ ರಕ್ತದಲ್ಲೇ ಏನೋ ಕೆಟ್ಟಿದೆ ಎಂಬ ಭಯ ತಾಯಿಯನ್ನು ಬಿಡಲೊಲ್ಲದು. ಇಲ್ಲದಿದ್ದರೆ ಪುಟ್ಟಿಯ ತೊಡೆಯಲ್ಲಿ ಒಂದು ಕುರು ಒಣಗುವ ಮುಂಚೆ ಇನ್ನೊಂದು ಏಕೆ ಏಳಬೇಕು? ಇದು ಮೂರನೆಯದು. ಕೆಂಪಗೆ, ಬಿಸಿಯಾಗಿ, ನಡುವೆ ಕೀವಿನ ಹಳದಿ ಕಣ್ಣು ಬಿಟ್ಟುಕೊಂಡು ಅದು ತನ್ನನ್ನೇ ದಿಟ್ಟಿಸುತ್ತಿದೆ ಎನ್ನಿಸುತ್ತಿತ್ತು. ಮೊಬೈಲಿನಲ್ಲಿ ಓದಿದಷ್ಟೂ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗುತ್ತಿತ್ತು. (ಓದುವುದನ್ನು ನಿಲ್ಲಿಸು ಎಂದ ಗಂಡನಿಗೆ ‘ಮಗಳ ಮೇಲೆ ಅಕ್ಕರೆಯಿಲ್ಲದವರು’ ಎಂಬ ಬಿರುದು ಸಿಕ್ಕಿತ್ತು.)

ಡಾಕ್ಟರಮ್ಮ ಮಾತ್ರ ರಕ್ತ ಪರೀಕ್ಷೆ ಮಾಡಿಸಿ, ಅದು ಚೆನ್ನಾಗಿಯೇ ಇದೆ ಎಂದಿದ್ದರು. ಕುರು ಎಬ್ಬಿಸುವ ಕ್ರಿಮಿ ಮನೆಯವರಲ್ಲೇ ಯಾರದೋ ಮೂಗಿನಲ್ಲೋ ಚರ್ಮದಲ್ಲೋ ಠಿಕಾಣಿ ಹೂಡಿರಬಹುದು. ಟವೆಲ್ ಬೇರೆ ಬೇರೆ ಇಡಿ, ಕುರು ಹಿಸುಕಬೇಡಿ. ಇನ್ನಾರಿಗಾದರೂ ಇದ್ದರೆ ಫೋನ್ ಮಾಡಿ, ಎಲ್ಲರಿಗೂ ಒಟ್ಟಿಗೇ ಚಿಕಿತ್ಸೆ ಕೊಡಬೇಕಾಗುತ್ತದೆ ಎಂದೂ ಹೇಳಿದ್ದರು.

ಸರಿ, ಅಂದೇ ಮನೆಯಲ್ಲಿ ಮಹಾವಿಚಾರಣೆ. ಗಂಡ ಅಂಗಿ ಕಳಚಿ ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು ನಿಂತ. ಅತ್ತೆಯ ಕತ್ತು, ಮೊಣಕೈ, ಕಿವಿಯ ಹಿಂಭಾಗ ಎಲ್ಲವೂ ತಪಾಸಣೆಗೊಳಗಾದವು. ಇಬ್ಬರೂ ನಿರಪರಾಧಿಗಳು. ಹಾಗಾದರೆ ರಕ್ತವೇ ಎಂದು ಅವಳ ಜೀವ ಮತ್ತೆ ಬಾಯಿಗೆ ಬಂತು.

ಅಷ್ಟರಲ್ಲಿ ಪುಟ್ಟಿ ಎತ್ತಿಕೋ ಎಂದು ಕೈಚಾಚಿದಳು. ಎತ್ತಿಕೊಂಡವಳು ಹಲ್ಲು ಕಚ್ಚಿ, ಮಗುವನ್ನು ಎಡಗಡೆಗೆ ಬದಲಿಸಿದಳು.

“ಬಲಗೈಗೇನಾಯ್ತೇ?” ಎಂದರು ಅತ್ತೆ.

“ಏನಿಲ್ಲ ಅತ್ತೆ, ಕಂಕುಳಲ್ಲಿ ಒಂದು ಗುಳ್ಳೆ. ಬಟ್ಟೆ ಉಜ್ಜಿ ಆಗಿದ್ದು. ಆಗಾಗ ಬರುತ್ತೆ, ಹಿಸುಕಿ ಒರೆಸಿಕೊಂಡ್ರೆ ಹೋಗುತ್ತೆ.”

“ಯಾವುದರಲ್ಲಿ ಒರೆಸ್ಕೋತೀಯ?”

“ಪುಟ್ಟಿ ಟವೆಲಲ್ಲಿ. ಮನೇಲಿ ಅದೊಂದೇ ಮೆತ್ತಗಿರೋದು…”

“ನಮ್ಮನ್ನೆಲ್ಲ ತಿರುಗಿಸಿ ತಿರುಗಿಸಿ ನೋಡಿದ್ಯಲ್ಲಮ್ಮ,” ಎಂದರು ಅತ್ತೆ, “ದೀಪದ ಬುಡದಲ್ಲೇ ಕತ್ತಲೆ.”

ಗಂಡ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಅವಳ ಮುಂದೆ ಮೊಬೈಲ್ ಇಟ್ಟ.

ಹಿಂದಿನ ಸಲ ಕುರು ಕುಯ್ದು ಕೀವು ತೆಗೆದಾಗ ಮಗುವಿನ ಕಾಲು ಹಿಡಿದವಳು ಅವಳೇ. ಆ ಪುಟ್ಟ ಬ್ಲೇಡು ಹೇಗೆ ಹೊಳೆಯುತ್ತದೆಂದು ಚೆನ್ನಾಗಿ ಗೊತ್ತಿತ್ತು. ನಾಳೆ ನೋಡೋಣ ಎನ್ನಬೇಕೆಂದುಕೊಂಡಳು. ಆದರೆ ಮಗುವಿನ ತೊಡೆ ಸೊಂಟಕ್ಕೆ ಕೆಂಡದಂತೆ ತಾಗುತ್ತಿತ್ತು. ನಂಬರ್ ಒತ್ತಿದಳು.

“ಡಾಕ್ಟರೇ, ನಮ್ಮನೇಲಿ ಇನ್ನೊಬ್ಬರಿಗೂ ಕುರು ಇದೆ. ನಮ್ಮ ಯಜಮಾನ್ರು ಈಗಲೇ ಕರ್ಕೊಂಡು ಬರ್ತಾರೆ… ಹೂಂ, ಗಟ್ಟಿಯಾಗಿ ಹಿಡ್ಕೋಬೇಕಾಗುತ್ತೆ, ತುಂಬಾ ಹೆದರ್ತಾರೆ, ಅಳ್ತಾರೆ… ವಯಸ್ಸಾ?”

ಅವಳು ಗೋಡೆಯ ಕಡೆ ತಿರುಗಿ ದನಿ ತಗ್ಗಿಸಿದಳು.

“ಮೂವತ್ತು.”