ದೇವಿಗೆ ಸೇರಿದ ನನ್ನ ಉಳಿತಾಯ

ಜೂನ್ ಎರಡು, ರವಿವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಮುಂದೆ ಯಾರಾದರೂ ನನ್ನ ಆರ್ಥಿಕ ಸ್ವಾತಂತ್ರ್ಯದ ಇತಿಹಾಸ ಬರೆಯಲು ಕುಳಿತರೆ ಅವರಿಗೆ ತೊಂದರೆಯಾಗಬಾರದೆಂದು ಈ ಹೊತ್ತನ್ನು ಆಗಲೇ ಬರೆದಿಟ್ಟುಕೊಂಡಿದ್ದೇನೆ. ವಿಜಯಪುರದ ಗಾಂಧಿ ಚೌಕದ ಸಗಟು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಇಡೀ ದಿನ ಬೇರೆಯವರ ದುಡ್ಡನ್ನು ಕೂಡಿಸಿ ಮನೆಗೆ ಬಂದರೆ, ನಮ್ಮ ದುಡ್ಡಿನಲ್ಲಿ ಕಳೆಯುವ ಲೆಕ್ಕ ಮಾತ್ರ ಉಳಿದಿರುತ್ತದೆ.

ಆ ಬೆಳಿಗ್ಗೆ ನನ್ನ ಹೆಂಡತಿ ಸವಿತಾಳನ್ನು ಕೂರಿಸಿ ಭಾಷಣ ಶುರು ಮಾಡಿದೆ. ಅವಳು ಮನೆಯಲ್ಲೇ ಬ್ಲೌಸ್ ಹೊಲಿದು, ಮೋಟಾರಿನ ಹೊಲಿಗೆ ಮಷಿನ್ ಕೊಳ್ಳಲೆಂದು ಹನ್ನೆರಡು ಸಾವಿರ ರೂಪಾಯಿ ಕೂಡಿಟ್ಟಿದ್ದಳು. ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಆ ಮಷಿನ್ನಿನ ಬೆಲೆ ಇಪ್ಪತ್ತು ಸಾವಿರ.

"ದುಡ್ಡು ಡಬ್ಬ್ಯಾಗ ಮಲಗಿದ್ರ ಬೆಳ್ಯೂದಿಲ್ಲ. ಅದನ್ನ ದುಡಿಯಾಕ ಹಚ್ಚಬೇಕು," ಎಂದೆ.

"ರವಿವಾರ ಹತ್ತರ ತನಕಾ ಮಲಗೋ ಮನಷ್ಯಾ ಆರಕ್ಕ ಎದ್ದೀರಿ ಅಂದಾಗನ ನನಗ ಅಂಜಿಕಿ ಬಂತು," ಎಂದಳು. "ನನ್ನ ಮಷಿನ್ ಕತಿ ಏನ್ರಿ?"

"ದೀಪಾವಳಿಗೆ ಮನಿಯಾಗ ಇರತೈತಿ. ನಾ ಅದೀನಲ್ಲ."

ಯೋಜನೆ ಸರಳವಾಗಿತ್ತು. ಮಮದಾಪುರದ ಮಾಳಪ್ಪ ಕಾಕಾ ಆಡು ಮೇಯಿಸುವವರು, ನಮ್ಮ ಅಂಗಡಿಯ ಹಳೆಯ ಗಿರಾಕಿ. ಮರಿಗಳನ್ನು ಕೊಂಡು ಅವರ ಹಿಂಡಿನಲ್ಲಿ ಪಾಲಿಗೆ ಬಿಡುವುದು; ಅವರು ಮೇಯಿಸುವುದು; ಬೆಳೆದ ಮೇಲೆ ಮಾರಿ ಲಾಭದಲ್ಲಿ ಅರ್ಧ ನಮಗೆ, ಅರ್ಧ ಅವರಿಗೆ. ಬೆವರಿಲ್ಲದೆ ಬರುವ ಆದಾಯ ಎಂದರೆ ಇದೇ. ಹಣವನ್ನೆಲ್ಲ ಒಂದೇ ಕಡೆ ಹಾಕಬಾರದೆಂಬ ನಿಯಮವನ್ನು ಪಾಲಿಸಿ ಆ ಹನ್ನೆರಡು ಸಾವಿರಕ್ಕೆ ಎರಡು ಹೋತಮರಿ ಕೊಂಡೆ. ಎರಡೂ ಕಪ್ಪು.

ಅಲ್ಲೇ ತೊಂದರೆಯಾಯಿತು. ಎರಡನೆಯ ರವಿವಾರ ತಪಾಸಣೆಗೆಂದು ಬೈಕಿನಲ್ಲಿ ಮಮದಾಪುರಕ್ಕೆ ಹೋದರೆ, ಹಿಂಡಿನ ಅರವತ್ತು ಆಡುಗಳಲ್ಲಿ ಐವತ್ತಾದರೂ ಕಪ್ಪು. ನನ್ನ ಬಂಡವಾಳ ಯಾವುದು, ಊರವರ ಬಂಡವಾಳ ಯಾವುದು, ಒಂದೂ ತಿಳಿಯಲಿಲ್ಲ.

"ನನಗ ಗುರ್ತ ಐತಿ ಬಿಡ್ರಿ," ಎಂದರು ಮಾಳಪ್ಪ ಕಾಕಾ.

ಬಾಯಿಮಾತಿನ ಮೇಲೆ ಹಣಕಾಸಿನ ಶಿಸ್ತು ನಿಲ್ಲುವುದಿಲ್ಲ. ಮುಂದಿನ ರವಿವಾರ ಸಕಲ ಸಿದ್ಧತೆಯೊಂದಿಗೆ ಹೋದೆ. ಕಾಕಾ ಉಳಿದ ಆಡುಗಳನ್ನು ಕೆರೆಗೆ ನೀರಿಗೆ ಹೊಡೆದುಕೊಂಡು ಹೋಗಿದ್ದರು. ನಾನು ಬರುತ್ತೇನೆಂದು ನನ್ನವೆರಡನ್ನು ಮಾತ್ರ ಹಟ್ಟಿಯಲ್ಲೇ ಕಟ್ಟಿದ್ದರು. ಬಣ್ಣ ಬಳಿದರೆ ನೆಕ್ಕಿ ಹೊಟ್ಟೆ ಕೆಟ್ಟೀತೆಂದು ಹಣೆಗೂ ಬೆನ್ನಿಗೂ ಅರಿಷಿಣ ಹಚ್ಚಿದೆ. ದೂರದಿಂದ ಸದ್ದು ಕೇಳಲೆಂದು ಕೊರಳಿಗೆ ಗಂಟೆ ಕಟ್ಟಿದೆ. ಉಣ್ಣೆಹುಳು ಹತ್ತದಿರಲೆಂದು ಗಂಟೆಯ ಜೊತೆಗೇ ಬೇವಿನ ತಪ್ಪಲು ಸಿಗಿಸಿದೆ. ಫೋಟೋ ತೆಗೆದುಕೊಂಡು, ಯಾರಿಗೂ ಹೇಳದೆ, ಸಂತೃಪ್ತನಾಗಿ ಮನೆಗೆ ಬಂದೆ.

ಆಮೇಲಿನ ಬೆಳವಣಿಗೆಗೆ ನಾನೇ ಬೆರಗಾದೆ. ಪ್ರತಿ ಸಲ ಹೋದಾಗಲೂ ಹೋತಗಳು ದಪ್ಪಗಾಗಿರುತ್ತಿದ್ದವು. ಯಾರದೋ ಹೊಲಕ್ಕೆ ನುಗ್ಗಿ ಗೋವಿನಜೋಳ ಮೇಯುತ್ತಿದ್ದರೆ ಹೊಲದವನು ದೂರ ನಿಂತು, "ಮೇಯಲಿ ಬಿಡ್ರಿ, ನಮ್ಮ ಪುಣ್ಯ," ಎನ್ನುತ್ತಿದ್ದ. ಹೆಂಗಸರು ಹಣೆಗೆ ಕುಂಕುಮ ಇಡುತ್ತಿದ್ದರು. ಮಳೆಗೆ ಅರಿಷಿಣ ತೊಳೆದುಹೋದರೆ ಕಾಕಾನ ಹೆಂಡತಿಯೇ ಮತ್ತೆ ಹಚ್ಚುತ್ತಿದ್ದಳು. ಹೂಡಿಕೆದಾರನೊಬ್ಬನಿಗೆ ಇಷ್ಟು ಮರ್ಯಾದೆ ಕೊಡುವ ಊರನ್ನು ನಾನು ಕಂಡಿರಲಿಲ್ಲ. ಡೈರಿಯಲ್ಲಿ ಬರೆದೆ: ಮೇವಿನ ಖರ್ಚು, ಸೊನ್ನೆ. ಜನಬೆಂಬಲ, ಅಪಾರ.

ದೀಪಾವಳಿಗೆ ವಾರವಿದ್ದಾಗ ಕಾಕಾನಿಗೆ ಫೋನ್ ಮಾಡಿ, ಹೋತಗಳನ್ನು ಬಬಲೇಶ್ವರದ ಸಂತೆಗೆ ತರಲು ಹೇಳಿದೆ. ಅವರು, "ಸಂತಿಗ್ಯಾ? ನೀವು ಕಲ್ತವರು ಅದೀರಿ, ತರ್ತೀನ್ರಿ," ಎಂದರು.

ಸಂತೆಯಲ್ಲಿ ಮೊದಲ ವ್ಯಾಪಾರಿ ಬಂದ. ಹೋತಗಳನ್ನು ನೋಡಿದ, ನನ್ನನ್ನು ನೋಡಿದ.

"ಇವನ್ನ ಮಾರಾಕ ತಂದೀರೇನ್ರಿ?"

"ಹೌದ್ರಿ. ಜೋಡಿ ಇಪ್ಪತ್ತೆಂಟು ಸಾವಿರ."

ಅವನು ಚಪ್ಪಲಿ ಬಿಟ್ಟ. ಎರಡೂ ಹೋತಗಳ ತಲೆ ಮುಟ್ಟಿ ಕಣ್ಣಿಗೊತ್ತಿಕೊಂಡು ನನ್ನ ಅಂಗಿಯ ಕಿಸೆಗೆ ಹತ್ತು ರೂಪಾಯಿ ಹಾಕಿದ. "ನಮ್ಮದೂ ಒಂದ್ ಕಾಣಿಕಿ ಇರಲಿ. ಎದಿ ಭಾಳ ಗಟ್ಟಿ ಐತ್ರಿ ನಿಮ್ದು," ಎಂದು ಹೊರಟುಹೋದ. ಮಧ್ಯಾಹ್ನದವರೆಗೆ ಕುಳಿತೆ. ಒಟ್ಟು ಕಾಣಿಕೆ ಎಪ್ಪತ್ತು ರೂಪಾಯಿ. ಗಿರಾಕಿ ಒಬ್ಬರೂ ಇಲ್ಲ.

"ಏನಿದು ಕಾಕಾ?"

"ದೇವಿಗೆ ಬಿಟ್ಟ ಹೋತ ಯಾರ್ ತಗೋತಾರ್ರಿ?"

"ನಾ ಯಾವಾಗ ಬಿಟ್ಟೆ?"

"ಅರಿಷಿಣ ಭಂಡಾರ ಹಚ್ಚಿ, ಗಂಟಿ ಕಟ್ಟಿ, ಬೇವು ಹಾಕಿದ ಮ್ಯಾಲ ಮತ್ತೇನ್ರಿ? ಅದಕ್ಕೂ ರಸೀದಿ ಕೊಡ್ತಾರೇನು?"

"ಮತ್ತ ಮೊದಲ ಹೇಳಬೇಕಿಲ್ಲೋ?"

"ಯಾರ್ ಏನ್ ಬೇಡ್ಕೊಂಡಾರಂತ ಕೇಳಬಾರ್ದ್ರಿ, ಹರಕಿ ಕೆಡತೈತಿ. ಮಕ್ಕಳಾಗಲಿ ಅಂತ ಬಿಟ್ಟಿರಬೇಕು ಅಂದ್ಕೊಂಡ್ವಿ. ಊರ ಮಂದಿ ಎಲ್ಲಾ ನಿಮ್ಮ ಸಲುವಾಗಿ ಕೈ ಮುಗಿಯಾಕತ್ತಾರ."

ತೊಳೆದು ಬೇರೆ ಸಂತೆಗೆ ಒಯ್ಯೋಣವೆಂದೆ. ಕಾಕಾ ನಕ್ಕರು. "ಅರಿಷಿಣ ತೊಳೀಬಹುದ್ರಿ. ಅದನ್ನ ನೋಡ್ದೋರ ಕಣ್ಣು ತೊಳ್ಯಾಕಾಗತೈತೇನು? ನನಗಂತೂ ಆ ದುಡ್ಡಿನ್ಯಾಗ ಪಾಲು ಬ್ಯಾಡ." ಐದು ತಿಂಗಳು ಮೇಯಿಸಿದ ಮನುಷ್ಯ ತನ್ನ ಪಾಲಿನ ಎಂಟು ಸಾವಿರವನ್ನು ಹಾಗೆ ಬಿಟ್ಟುಕೊಟ್ಟ ಮೇಲೆ ತೊಳೆಯುವ ಮಾತನ್ನು ನಾನೂ ಬಿಟ್ಟೆ. ಹೋತಗಳು ಮಾತ್ರ ಪಕ್ಕದ ಕಾಯಿಪಲ್ಲೆಯವಳ ಕೊತ್ತಂಬರಿಯನ್ನು ನಿರಾಳವಾಗಿ ತಿನ್ನುತ್ತಿದ್ದವು. ಅವಳಿಗೆ ನೂರಿಪ್ಪತ್ತು ಕೊಟ್ಟೆ. ಕಾಣಿಕೆ ಕಳೆದು ಆ ದಿನದ ನಿವ್ವಳ ನಷ್ಟ, ಐವತ್ತು.

ಮನೆಗೆ ಬಂದು ಸವಿತಾಳಿಗೆ ಎಲ್ಲ ಹೇಳಿದೆ. ಬೈಯುತ್ತಾಳೆಂದುಕೊಂಡರೆ ಕೈಯಲ್ಲಿನ ಬ್ಲೌಸನ್ನು ಮಡಚಿ ಪಕ್ಕಕ್ಕಿಟ್ಟಳು.

"ಮಕ್ಕಳ ಸಲುವಾಗಿ ಹರಕಿ ಹೊತ್ತೀವಿ ಅಂತ ಇಡೀ ಊರಿಗೆ ಗೊತ್ತೈತಿ. ನನಗೊಂದ್ ಮಾತು ಹೇಳಬೇಕಿಲ್ಲೇನ್ರಿ?"

ನಗಬೇಕೋ ಬೇಡವೋ ತಿಳಿಯದೆ ನಿಂತಿದ್ದೆ. ಅವಳೇ ನಕ್ಕಳು. ನಾನೂ ನಕ್ಕೆ. ಅದು ಅವಸರವಾಯಿತು.

"ಬೈಕಿನ ಕೀಲಿ ಕೊಡ್ರಿ," ಎಂದಳು.

ಮರುದಿನ ತಿಕೋಟಾದಿಂದ ಅವಳ ಅಣ್ಣ ಬಂದು ಇಪ್ಪತ್ತು ಸಾವಿರ ಎಣಿಸಿ, ನನ್ನ ಬೈಕ್ ಹೊಡೆದುಕೊಂಡು ಹೋದರು. ಸಂಜೆಗೆ ಮಷಿನ್ ಮನೆಯಲ್ಲಿತ್ತು. ಕೊಟ್ಟ ಮಾತಿನಂತೆ, ದೀಪಾವಳಿಗೆ ಸರಿಯಾಗಿ.

ಈಗ ಅವಳಿಗೆ ಕೈತುಂಬ ಕೆಲಸ. ಮನೆಯ ಹಣಕಾಸು ಖಾತೆಯೂ ಅವಳದೇ. ನನಗೂ ಎರಡನೆಯ ಆದಾಯವೊಂದು ಹುಟ್ಟಿದೆ: ಸಂಜೆ ಹುಕ್ಕು ಹಚ್ಚಿದರೆ ಒಂದು ಬ್ಲೌಸಿಗೆ ಐದು ರೂಪಾಯಿ. ಸೊಟ್ಟಾದ ಒಂದೊಂದು ಹುಕ್ಕಿಗೆ ಎರಡು ರೂಪಾಯಿ ಕಡಿತ. ಹೋದ ತಿಂಗಳು ನಾನೇ ಅವಳಿಗೆ ಹದಿನಾಲ್ಕು ರೂಪಾಯಿ ಬಾಕಿ.

ಮಾರಲಾಗದ, ಮೇವಿನ ಖರ್ಚಿಲ್ಲದ, ದಿನೇ ದಿನೇ ದಪ್ಪಗಾಗುತ್ತಿರುವ ಎರಡು ಹೋತಗಳನ್ನು ಲೆಕ್ಕದಲ್ಲಿ ಆಸ್ತಿ ಎಂದು ಬರೆಯಬೇಕೋ ಖರ್ಚು ಎಂದೋ, ಬಲ್ಲವರು ದಯವಿಟ್ಟು ಪತ್ರ ಬರೆಯಿರಿ. ಅದು ತಡವಾದರೂ ಚಿಂತೆಯಿಲ್ಲ. ಹುಕ್ಕುಗಳನ್ನು ಒಂದೇ ಸಾಲಿನಲ್ಲಿ ನೆಟ್ಟಗೆ ಹಚ್ಚುವುದು ಹೇಗೆಂದು ತಿಳಿದವರು ಮಾತ್ರ ಶನಿವಾರದೊಳಗೆ ಬರೆಯಬೇಕು. ಅಂದು ಪಗಾರದ ದಿನ.